ವಾಸನೆಯಿಲ್ಲದ ಪೊಟ್ಟಣ

ಕಳೆದ ವಾರ ನನ್ನ ಮಗಳು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಓಟು ಹಾಕಿಸಲು ಶುರು ಮಾಡಿದಳು. ಬೇಸಿಗೆ ರಜೆಗೆ ಎಲ್ಲರೂ ಸಮುದ್ರದ ಕಡೆ ಹೋಗುವುದು, ಊರು ಯಾವುದು? ಗೋಕರ್ಣ, ಮಲ್ಪೆ, ಪಾಂಡಿಚೇರಿ. ಅಳಿಯ ಮಲ್ಪೆ ಒತ್ತಿದ. ಮೊಮ್ಮಕ್ಕಳು ಮೂರನ್ನೂ ಒತ್ತಿ ಬೈಸಿಕೊಂಡರು. ನಮ್ಮ ಯಜಮಾನರು ಕನ್ನಡಕ ಹುಡುಕಿ ತಂದು ಗೋಕರ್ಣ ಒತ್ತಿದರು. ನಾನು ಮಾತ್ರ ಒತ್ತಲಿಲ್ಲ. ಒಂದು ಬೆರಳು ಒತ್ತೋಕೆ ನಿಂಗೇನಮ್ಮ ಕಷ್ಟ ಎಂದು ಮಗಳು ರೇಗಿದಳು. ಕಷ್ಟವೇ. ಹೋಟೆಲಿಗೆ ಹೋದರೆ ಪಕ್ಕದವರು ಹೇಳಿದ್ದನ್ನೇ ನನಗೂ ತನ್ನಿ ಎನ್ನುವವಳು ನಾನು. ಸೀರೆಯಂಗಡಿಯಲ್ಲಿ ಎರಡು ಸೀರೆ ಮುಂದಿಟ್ಟರೆ ನನ್ನ ಅಂಗೈ ಬೆವರುತ್ತದೆ. ಇದನ್ನು ನನ್ನ ಸಾಧುಗುಣ ಎಂದು ಯಜಮಾನರು ನೆಂಟರ ಮುಂದೆ ಹೊಗಳುವುದುಂಟು. ಸಾಧುವೂ ಇಲ್ಲ, ಮಣ್ಣೂ ಇಲ್ಲ. ಒಂಬತ್ತು ವರ್ಷದವಳಿದ್ದಾಗ ಒಂದು ಸಲ ನಾನೂ ಆರಿಸಿದ್ದೆ. ಅದೂ ಸಮುದ್ರದ ಊರನ್ನೇ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸಾದಲಿ ಕಡೆಯ ಹಳ್ಳಿ. ಮನೆಗೆ ನಾಲ್ಕು ಅಂಕಣ. ಮೂರು ರೇಷ್ಮೆಹುಳುವಿಗೆ, ಒಂದು ನಮಗೆ. ಆ ಒಂದರಲ್ಲೇ ಒಲೆ, ದೇವರ ಗೂಡು, ಅಜ್ಜಿಯ ಮಂಚ, ನನ್ನ ಪುಸ್ತಕದ ಚೀಲ. ಹುಳುಗಳಿಗಾದರೆ ಸುಣ್ಣ ಬಳಿದ ಗೋಡೆ, ಕಿಟಕಿಗೆ ಪರದೆ, ಚಳಿಯಾದರೆ ಕೆಂಡದ ಬಾಂಡಲಿ. ಹುಳು ಮನೆಯಲ್ಲಿರುವಷ್ಟು ದಿನ, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳು, ಒಲೆ ಮೇಲೆ ಒಗ್ಗರಣೆ ಸಿಡಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಹೆಂಗಸರು ಹೂ ಮುಡಿಯುವಂತಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ನೀರು ಕೊಟ್ಟು ಕಳಿಸಬೇಕು. ಘಾಟು ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ ಎನ್ನುತ್ತಿದ್ದಳು ಅಜ್ಜಿ, ಅಪ್ಪನ ತಾಯಿ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಬಂದ ದಿನ ಅಪ್ಪ ಹುಳುಮನೆಗೆಲ್ಲ ಔಷಧಿ ಹೊಡೆದು ಬಾಗಿಲು ಮುಚ್ಚುತ್ತಿದ್ದ. ಅಲ್ಲಿಂದ ಮುಂದಿನ ಮರಿಹುಳು ಬರುವತನಕ ಹತ್ತು ದಿನ ಬಿಡುವು. ಆಗ ಅಮ್ಮ ಈರುಳ್ಳಿ ಹುರಿಯುತ್ತಿದ್ದಳು, ಕೋಳಿಸಾರಿಗೆ ಮಸಾಲೆ ರುಬ್ಬುತ್ತಿದ್ದಳು, ತಲೆತುಂಬ ಸೇವಂತಿಗೆ ಮುಡಿಯುತ್ತಿದ್ದಳು. ಮದುವೆ, ತಿಥಿ, ಆಸ್ಪತ್ರೆ, ತಡೆದಿಟ್ಟ ಜಗಳ, ಎಲ್ಲ ಆ ಹತ್ತು ದಿನಕ್ಕೇ. ನಾವು ಬದುಕಿದ್ದೇ ಆ ಬಿಡುವುಗಳಲ್ಲಿ ಎಂದು ಈಗ ಅನ್ನಿಸುತ್ತದೆ.

ಹುಳುಮನೆಯಲ್ಲಿ ಅಮ್ಮನ ಕಣ್ಣು, ಮಗಳ ಮೂಗು ಎಂದು ಊರಲ್ಲೇ ಒಂದು ಮಾತಿತ್ತು. ಗೂಡು ಕಟ್ಟಲು ಹಣ್ಣಾದ ಹುಳುವನ್ನು ಹಸಿರು ಹುಳುಗಳ ರಾಶಿಯಿಂದ ಅಮ್ಮ ನಿಂತ ನಿಲುವಿನಲ್ಲಿ ಆರಿಸಿ ತೆಗೆಯುತ್ತಿದ್ದಳು. ಹಣ್ಣಾದ ಹುಳುವಿನ ಮೈ ಒಂಚೂರು ಹಳದಿಗೆ ತಿರುಗಿ ಬೆಳಕು ಹಾಯುವಂತಾಗುತ್ತದೆ, ಅಷ್ಟೇ ಗುರುತು. ನನ್ನದು ಇನ್ನೊಂದು ವಿದ್ಯೆ. ರೋಗ ಬಿದ್ದ ಹುಳುವಿನ ತಟ್ಟೆಯನ್ನು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಹುಳಿ ಹಿಡಿದ ಹಿಟ್ಟಿನಂಥ ವಾಸನೆ ಅದು, ಬೇರೆಯವರಿಗೆ ಎರಡು ದಿನ ಬಿಟ್ಟು ಗೊತ್ತಾಗುತ್ತಿತ್ತು. "ನಾಯಿಮೂಗು ಕಣೇ ನಿಂದು" ಎಂದು ಅಪ್ಪ ಹೆಮ್ಮೆಯಿಂದಲೇ ಬೈಯುತ್ತಿದ್ದ. ಆ ವರ್ಷ ಅಮ್ಮ ಹೊಸ್ತಿಲು ಎಡವಲು ಶುರು ಮಾಡಿದಳು. ಪಕ್ಕದಲ್ಲಿಟ್ಟ ಚೊಂಬು ಒದೆಯುತ್ತಿದ್ದಳು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಂದ ಬಿಡುವಿನಲ್ಲಿ ಅಪ್ಪ ಅವಳನ್ನು ಚಿಂತಾಮಣಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಜೊತೆಗೆ ನಾನು. ಡಾಕ್ಟರು ಬೆಳಕು ಬಿಟ್ಟು ಬಿಟ್ಟು ನೋಡಿ, ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದು ಒಂದು ವರ್ಷವೋ ಅದಕ್ಕೂ ಕಮ್ಮಿಯೋ ಹೇಳಲಾರೆ ಎಂದರು. ಅಪ್ಪ ಔಷಧಿ ತರಲು ಹೋದಾಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು.

"ಒಂದ್ಸಲ ಸಮುದ್ರ ನೋಡ್ಬೇಕು ಕಣಮ್ಮ," ಅಂದಳು ಅಮ್ಮ. "ಕಣ್ಣು ಹೋಗೋದ್ರೊಳಗೆ."

"ಯಾಕಮ್ಮ?"

"ಆಚೆ ದಡ ಇಲ್ದಿರೋ ನೀರು ಹೆಂಗಿರ್ತದೋ ಅಂತ."

ನಮ್ಮ ಕಡೆ ನೀರು ಎಂದರೆ ಕೆರೆ. ಎಂಥ ಕೆರೆ ತುಂಬಿದರೂ ಆಚೆ ಏರಿ ಕಾಣುತ್ತದೆ, ಏರಿಯ ಮೇಲೆ ಯಾರ ಮನೆಯ ಎಮ್ಮೆ ಹೋಗುತ್ತಿದೆ ಎಂದೂ ಗುರುತಾಗುತ್ತದೆ. ಅಮ್ಮನ ತವರಿನ ಕೆರೆ ಅವಳ ಹುಡುಗಿತನದಲ್ಲಿ ಒಂದೇ ಸಲ ಕೋಡಿ ಬಿದ್ದಿತ್ತಂತೆ. ಅವತ್ತು ಬೆಳಗ್ಗೆ ಮಂಜು ಕವಿದು ಆಚೆ ದಡ ಕಾಣದೆ, ನೀರು ಲೋಕಕ್ಕೆಲ್ಲ ಹರಡಿದೆ ಎಂದು ಹೆದರಿ ಕೂಗಿಕೊಂಡಳಂತೆ. ಮಂಜು ಕರಗಿದ ಮೇಲೆ ಬೇಜಾರಾಯಿತಂತೆ. ಇದನ್ನೆಲ್ಲ ಅವಳು ಹೇಳಿದ್ದು ನನಗೊಬ್ಬಳಿಗೇ. ಮನೆಯಲ್ಲಿ ಹೇಳುವಾಗ ಇಷ್ಟೇ ಹೇಳಿದಳು: ಸಮುದ್ರ ನೋಡ್ಬೇಕು ಅನ್ಸೈತೆ. ಅಷ್ಟಕ್ಕೇ ಅಪ್ಪ ಹೂಂ ಅಂದ, ಅಜ್ಜಿಯೂ ಹೂಂ ಅಂದಳು. ಸೊಸೆ ಏನನ್ನೂ ಕೇಳಿದವಳಲ್ಲ. ಬಿಡುವಿನಲ್ಲಿ ಇನ್ನೂ ಎಂಟು ದಿನ ಉಳಿದಿತ್ತು. ಹೊರಟುಬಿಡಬಹುದಿತ್ತು. ಯಾವ ಊರು ಎಂಬಲ್ಲಿ ಕೂತುಬಿಟ್ಟೆವು.

"ಗೋಕರ್ಣಕ್ಕೆ ಹೋಗಾಣ," ಅಂದಳು ಅಜ್ಜಿ. "ನಿಮ್ಮಪ್ಪಂದು ಕಾರ್ಯ ಅಲ್ಲಿ ಮಾಡ್ಸಿಲ್ಲ ಅಂತ ನನ್ ಜೀವ ಹೊಡ್ಕೊಳ್ತಾ ಐತೆ. ಒಂದೇ ಖರ್ಚ್ನಲ್ಲಿ ಎರ್ಡು ಕೆಲ್ಸ."

"ಅವ್ಳು ಸಮುದ್ರ ನೋಡ್ಬೇಕು ಅಂದ್ರೆ ನೀನು ತಿಥಿ ಅಂತೀಯಲ್ಲಮ್ಮ," ಅಂದ ಅಪ್ಪ. "ಮದ್ರಾಸು ಹತ್ರ. ಬೆಳಗ್ಗೆ ಬಸ್ ಹತ್ತಿದ್ರೆ ಸಾಯಂಕಾಲಕ್ಕೆ ಅಲ್ಲಿರ್ತೀವಿ. ಮೂರು ದಿನ್ದಲ್ಲಿ ವಾಪಸ್."

"ಮದ್ರಾಸ್ನಲ್ಲಿ ಏನೈತೋ? ಬಿಸ್ಲು, ಕಾಗೆ. ದೇವ್ರಿಲ್ಲ ದಿಂಡ್ರಿಲ್ಲ."

"ದೇವ್ರು ಇಲ್ದಿರೋ ಊರು ಯಾವ್ದಮ್ಮ?"

"ನೋರು ಮೂಸ್ಕೋ!" ಅಜ್ಜಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು, ಬಾಯಿ ಮುಚ್ಚು ಎಂದರ್ಥ.

ಮೂರನೆಯ ಊರನ್ನು ಮನೆಯೊಳಕ್ಕೆ ತಂದವಳು ನಾನು. ನಮ್ಮ ಎದುರುಮನೆಯಲ್ಲಿ ಬಾಡಿಗೆಗಿದ್ದ ಶಾಲಿನಿ ಟೀಚರ್ ಕಾರವಾರದವರು. ಅವರ ಮಾತು ಪುಸ್ತಕದ ಹಾಗೆ ಸ್ಪಷ್ಟ, ಅವರ ಜಡೆ ಉದ್ದ, ಅವರು ಬರೆದ ಅಕ್ಷರ ಅಳಿಸಲು ಮನಸ್ಸಾಗದೆ ಬೋರ್ಡು ಒರೆಸುವ ಸರದಿಯನ್ನು ನಾನು ಬಿಟ್ಟುಕೊಡುತ್ತಿದ್ದೆ. ಸಮುದ್ರದ ಸುದ್ದಿ ಹೇಳಿದ್ದೇ ತಡ, "ನಮ್ಮ ಮನೆಗೇ ಬನ್ನಿ, ಉಳಿದುಕೊಳ್ಳಲಿಕ್ಕೆ ಜಾಗವಿದೆ, ನಿನಗೆ ಹಡಗು ತೋರಿಸುತ್ತೇನೆ" ಎಂದರು. ನಾನು ಮಾರನೆಯ ದಿನವೇ ಇಡೀ ಕ್ಲಾಸಿಗೆ ಸಾರಿಬಿಟ್ಟೆ, ನಾನು ಹಡಗು ನೋಡಲು ಟೀಚರ್ ಜೊತೆ ಹೋಗುತ್ತಿದ್ದೇನೆ ಎಂದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆ. ಹೊಲಿಸಿದ ಮೇಲೆ ಕೂಸು ಹುಟ್ಟಲೇಬೇಕಲ್ಲ? ಮನೆಗೆ ಬಂದು ಅತ್ತು ಕರೆದು ಕಾರವಾರದ ಹೆಸರನ್ನೂ ಸೇರಿಸಿದೆ. ಹೀಗೆ ಮೂರು ಊರಿನ ಜಗಳದಲ್ಲಿ ಮೂರು ದಿನ ಹೋಯಿತು. ಊಟಕ್ಕೆ ಕೂತರೆ ಜಗಳ, ಎಲೆ ಎತ್ತಿದರೆ ಜಗಳ. ಅಮ್ಮ ಮುದ್ದೆ ತೊಳಸುತ್ತ ಹೊಗೆಯಲ್ಲಿ ಕೂತಿರುತ್ತಿದ್ದಳು. ನಿನಗೆ ಯಾವ ಊರು ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ, ಅದೂ ಅವಳ ಓಟು ನನ್ನ ಕಡೆ ಬರಲಿ ಎಂಬ ಆಸೆಯಿಂದ.

"ಯಾವ ಊರಾದ್ರೇನು, ಸಮುದ್ರ ಒಂದೇ ಅಲ್ವಾ," ಅಂದಳು. ಆಮೇಲೆ ಒಲೆಯ ಕಡೆ ನೋಡುತ್ತಲೇ, "ಮದ್ರಾಸ್ ಆದ್ರೆ ಈ ಬಿಡುವಲ್ಲೇ ಆಗೋಗುತ್ತೆ ಕಣಮ್ಮ. ಮುಂದಿನ್ ಸಲಕ್ಕೆ ಹೆಂಗೋ ಏನೋ" ಅಂದಳು.

ನನಗೆ ಅದು ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಅರ್ಥವಾಯಿತು.

ತೀರ್ಮಾನವಾಗದ ಸಂಗತಿಯನ್ನು ಹೂ ಕೇಳಿ ದೇವರಿಗೆ ಬಿಡುವುದು ನಮ್ಮ ಮನೆಯ ರೂಢಿ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಹೆಣ್ಣು ಯಾವ ಮನೆಗೆ ಕೊಡಬೇಕು, ಎಲ್ಲ ಹಾಗೆಯೇ ಆಗಿದ್ದು. ಒಂದೇ ಜಾತಿಯ ಹೂವನ್ನು ಒಣಗಿದ ಮುತ್ತುಗದ ಎಲೆಯಲ್ಲಿ ಸುತ್ತಿ, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ, ಒಂದಕ್ಕೆ ಹಳದಿ ಕಟ್ಟಿ, ಮೊರದಲ್ಲಿಟ್ಟು ದೇವರ ಮುಂದಿಡಬೇಕು. ಮನೆಯ ಹೆಣ್ಣುಮಗು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಮಿಕ್ಕವರೆಲ್ಲ ಕೈಮುಗಿದು ಕಣ್ಣು ಮುಚ್ಚಿರಬೇಕು. ಬಂದ ಊರು, ಬಂದ ಗಂಡು, ಬಂದ ಜಾಗ, ಎದುರು ಮಾತಿಲ್ಲ. ಆ ಸಲ ಅಮ್ಮ ದಾರ ಬೇಡ ಅಂದಳು. "ದಾರದ ಬಣ್ಣ ನಂಗೆ ನೆಟ್ಟಗೆ ಕಾಣಲ್ಲ ಅತ್ತೆ. ಆಮೇಲೆ ಅದೂ ಇದೂ ಆಗ್ಬಾರ್ದು. ಬೇರೆ ಬೇರೆ ಹೂವೇ ಕಟ್ತೀನಿ." ಅಜ್ಜಿ ಪಾಪ ಅಂದುಕೊಂಡು ಒಪ್ಪಿದಳು. ಅಮ್ಮ ಎಲ್ಲರ ಮುಂದೆ ಹೇಳಿಯೇ ಕಟ್ಟಿದಳು: ಗೋಕರ್ಣಕ್ಕೆ ತುಳಸಿ, ಮದ್ರಾಸಿಗೆ ಸೇವಂತಿಗೆ, ಕಾರವಾರಕ್ಕೆ ಕನಕಾಂಬರ. ನಾನು ಮಿಂದು, ಒದ್ದೆ ತಲೆಯಲ್ಲೇ ಬಂದು ಮೊರದ ಮುಂದೆ ಕೂತೆ. ಅಜ್ಜಿ ಘಂಟೆ ಬಾರಿಸಿದಳು.

ಕಣ್ಣು ಮುಚ್ಚಿದ್ದೆ, ಆಣೆ. ಕದ್ದು ನೋಡಲಿಲ್ಲ. ಆದರೆ ಮೂಗನ್ನು ಮುಚ್ಚು ಎಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಮೊದಲು ಕೈಗೆ ಬಂದ ಪೊಟ್ಟಣವನ್ನು ಹಣೆಗೆ ಒತ್ತಿಕೊಳ್ಳುವ ನೆವದಲ್ಲಿ ಎತ್ತಿದೆ, ತುಳಸಿ. ಇಟ್ಟೆ. ಎರಡನೆಯದನ್ನು ಎತ್ತಿದೆ. ಅಮ್ಮನ ತಲೆಯ ವಾಸನೆ ಅದು, ಹುಳುವಿಲ್ಲದ ದಿನಗಳ ವಾಸನೆ, ಸೇವಂತಿಗೆ. ಅದನ್ನು ಕೈಯಲ್ಲಿ ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ, ನನಗಂತೂ ಬಹಳ ಹೊತ್ತು ಅನ್ನಿಸಿತು. ಕ್ಲಾಸಿನ ಹುಡುಗಿಯರ ಮುಖಗಳು ಬಂದವು, ಟೀಚರ ಜಡೆ ಬಂತು, ನೋಡದ ಹಡಗು ಬಂತು. ಮುಂದಿನ ಬಿಡುವಿಗೆ ಹೋದರೂ ಸಮುದ್ರ ಅಲ್ಲೇ ಇರುತ್ತದಲ್ಲ, ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ. ಪೊಟ್ಟಣವನ್ನು ಮೊರದಲ್ಲಿಟ್ಟೆ. ಮೂರನೆಯದಕ್ಕೆ ವಾಸನೆಯೇ ಇರಲಿಲ್ಲ. ಕನಕಾಂಬರಕ್ಕೆ ವಾಸನೆ ಎಲ್ಲಿಂದ ಬರಬೇಕು? ಅದನ್ನೇ ಎತ್ತಿ ಕೊಟ್ಟೆ. ಅಮ್ಮ ಬಿಚ್ಚಿದಳು. "ಕಾರವಾರ," ಅಂದಳು. ಅಷ್ಟೇ. ಆ ಹೂವನ್ನು ನನ್ನ ಒದ್ದೆ ತಲೆಗೇ ಮುಡಿಸಿದಳು.

ಕಾರವಾರಕ್ಕೆ ಹೋಗಿಬರಲು ಕಮ್ಮಿಯೆಂದರೂ ಆರು ದಿನ ಬೇಕು, ಬಿಡುವಿನಲ್ಲಿ ಉಳಿದದ್ದು ಐದು. ಅದರಲ್ಲಿ ಕೊನೆಯ ಎರಡು ದಿನ ಮರಿಹುಳುವಿಗೆ ಮನೆ ಸಜ್ಜು ಮಾಡಬೇಕು. ಇರಲಿ, ಮುಂದಿನ ಬಿಡುವಿಗೆ ಅಂದುಕೊಂಡೆವು. ಮುಂದಿನ ಬಿಡುವಿನಲ್ಲಿ ಟೀಚರಿಗೆ ಪರೀಕ್ಷೆಯ ಕೆಲಸ ಬಿತ್ತು. ಅದರ ಮುಂದಿನದು ಆಷಾಢಕ್ಕೆ ಬಂತು. ಊರಿಗೆ ಹೋಗಿದ್ದ ಟೀಚರ್ ಕಾಗದ ಬರೆದರು, ಇಲ್ಲಿ ಮಳೆ ಜೋರು, ಸಮುದ್ರದ ಹತ್ತಿರ ಹೋಗಲು ಬಿಡುವುದಿಲ್ಲ, ಈಗ ಬರಬೇಡಿ ಎಂದು. ಅಷ್ಟರಲ್ಲಿ ಅಮ್ಮನಿಗೆ ಎದುರಿಗಿದ್ದದ್ದೂ ಒಂದು ಕೊಳವೆಯೊಳಗಿನಿಂದ ನೋಡಿದಷ್ಟೇ ಕಾಣುತ್ತಿತ್ತು. ತಟ್ಟೆಯಲ್ಲಿ ಸಾರು ಕಂಡರೆ ಮುದ್ದೆ ಕಾಣುತ್ತಿರಲಿಲ್ಲ. ಅವಳು ದೂರುತ್ತಿರಲಿಲ್ಲ, ನಮಗೆ ಅದೇ ಅನುಕೂಲವಾಗಿತ್ತು. ಒಂದು ಮಧ್ಯಾಹ್ನ ಊಟದ ನಡುವೆ ಅಪ್ಪ ಇದ್ದಕ್ಕಿದ್ದ ಹಾಗೆ ಕೈ ತೊಳೆದುಕೊಂಡ.

"ಮದ್ರಾಸ್ಗೆ ಹೋಗ್ಬಿಡಾಣ," ಅಂದ. "ನಾಳೇನೇ. ಇವ್ಳಿಗೆ ಇನ್ನ ಒಂಚೂರು ಕಾಣ್ತೈತೆ."

ಅಮ್ಮ ತಲೆ ಎತ್ತಿದಳು. ಅವಳ ಮುಖ ಅವತ್ತು ಹೇಗಿತ್ತು ಎಂದು ಬರೆಯಲು ನನ್ನಿಂದಾಗುವುದಿಲ್ಲ.

"ದೇವ್ರು ಒಂದೂರು ಕೊಟ್ಟ ಮ್ಯಾಲೆ ಇನ್ನೊಂದೂರ್ಗೆ ಹೋಗ್ತೀಯೇನೋ?" ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು. "ಅವ್ನು ಮುನಿಸ್ಕೊಂಡಿರೋದು ಸಾಲ್ದಾ? ಇರೋ ಚೂರೂ ಹೋಗ್ಲಿ ಅಂತಾನಾ?"

"ಅಲ್ಲಮ್ಮ..."

"ಅಲ್ಲ ಇಲ್ಲ ಬ್ಯಾಡ. ಮಳೆ ನಿಂತ ಮ್ಯಾಲೆ ಕಾರ್ವಾರಕ್ಕೇ ಹೋಗಾಣ. ನಾನೇನು ನನ್ ಗೋಕರ್ಣ ಕೇಳಿದ್ನಾ? ಬಿಟ್ಕೊಡ್ಲಿಲ್ವಾ?"

ಅದು ನಿಜ. ಗಂಡನ ಕಾರ್ಯ ಮಾಡಿಸುವ ಆಸೆಯನ್ನು ಆ ಮುದುಕಿ ಹೂವಿಗಾಗಿ ಬಿಟ್ಟಿದ್ದಳು. ಅಜ್ಜಿಯನ್ನು ಬೈದು ಈ ಅಧ್ಯಾಯ ಮುಗಿಸುವುದು ಸುಲಭ, ಆದರೆ ಅವಳು ನಂಬಿದ್ದಕ್ಕೆ ನಡೆದುಕೊಂಡಳು. ನಾನು ತಟ್ಟೆಯಲ್ಲಿ ಮುದ್ದೆ ಉರುಳಿಸುತ್ತ ಕೂತಿದ್ದೆ. ಒಂದು ಮಾತು ಸಾಕಿತ್ತು. ಅಜ್ಜಿ, ದೇವರು ಕೊಡಲಿಲ್ಲ, ನಾನು ಮೂಸಿ ತೆಗೆದೆ ಎಂದಿದ್ದರೆ ಮಾರನೆಯ ದಿನ ನಾವು ಬಸ್ಸಿನಲ್ಲಿರುತ್ತಿದ್ದೆವು. ಆದರೆ ದೇವರ ಮುಂದೆ ಸುಳ್ಳಾಡಿದ ಎಂದು ಹಿಂದೊಮ್ಮೆ ನನ್ನ ದೊಡ್ಡಪ್ಪನ ಮಗನ ಅಂಗೈಯಲ್ಲಿ ಅಜ್ಜಿ ಕರ್ಪೂರ ಹಚ್ಚಿಸಿದ್ದಳು. ಆ ಕಲೆ ಅವನು ಕೈ ಚಾಚಿದಾಗಲೆಲ್ಲ ಕಾಣುತ್ತಿತ್ತು. ನನ್ನ ಅಂಗೈಗೂ ಅಮ್ಮನ ಕಣ್ಣಿಗೂ ತೂಗಿ ನೋಡಿ ಅಂಗೈಯನ್ನು ಉಳಿಸಿಕೊಂಡೆ. ಹೂ ಎತ್ತಿದ್ದು ಮಗುವಿನ ಆಸೆ ಎಂದು ಯಾರಾದರೂ ಕ್ಷಮಿಸಬಹುದು. ಈ ಮೌನಕ್ಕೆ ಆ ಹೆಸರು ಕೊಡಲು ನನಗೇ ಮನಸ್ಸು ಬರುವುದಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಅಮ್ಮ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು, ಅರ್ಧ ಸಾರು ನೆಲಕ್ಕೆ ಬಿತ್ತು.

ನವರಾತ್ರಿಯ ಹೊತ್ತಿಗೆ ಹುಳು ಹಣ್ಣಾಯಿತು. ಹುಳು ಆರಿಸುವ ದಿನ ಊರಿನಲ್ಲಿ ಒಬ್ಬರ ಮನೆಗೆ ಒಬ್ಬರು ಕೈಯಾಳಾಗಿ ಬರುತ್ತಾರೆ. ಅವತ್ತು ಆರೇಳು ಹೆಂಗಸರು ಬಂದಿದ್ದರು. ಅಮ್ಮ ಎಂದಿನ ಹಾಗೆ ಎಲ್ಲರಿಗಿಂತ ಮುಂದೆ ನಿಂತು ಸರಸರ ಹುಳು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು, ನಗುತ್ತ ಮಾತಾಡುತ್ತಲೂ ಇದ್ದಳು. ಬುಟ್ಟಿಯಲ್ಲಿದ್ದದ್ದನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಸುರಿಯುವಾಗ ಪಕ್ಕದ ಮನೆಯ ಮುನಿರತ್ನಮ್ಮ ತಡೆದು ನಿಂತಳು. ಅದರಲ್ಲಿ ಅರ್ಧಕ್ಕರ್ಧ ಹಸಿರು ಹುಳು. ಇನ್ನೂ ಎರಡು ದಿನ ಸೊಪ್ಪು ತಿನ್ನಬೇಕಾದವು. ಅವುಗಳ ನಡುವೆ ಮೈ ಒಡೆದು ರಸ ಸುರಿಯುತ್ತಿದ್ದ ರೋಗದ ಹುಳುಗಳು. ಆಗಲೇ ಸುರಿದಿದ್ದ ಚಂದ್ರಿಕೆಗಳಲ್ಲೂ ಅದೇ. ಅಪ್ಪ ಬಂದ. ಒಂದು ಹಸಿರು ಹುಳುವನ್ನು ಎತ್ತಿ ಅಮ್ಮನ ಮುಖದ ಮುಂದೆ ಹಿಡಿದ.

"ಇದೇನೇ?"

ಅಮ್ಮ ಕೈ ಚಾಚಿದಳು. ಗಾಳಿಯಲ್ಲಿ ಎರಡು ಸಲ ತಡವಿ ಅಪ್ಪನ ಬೆರಳು ಹಿಡಿದು, ಅಲ್ಲಿಂದ ಹುಳುವನ್ನು ಹುಡುಕಿ ಮುಟ್ಟಿ ನೋಡಿದಳು.

"ಮೆತ್ತಗೈತಲ್ಲ. ಹಣ್ಣೇ," ಅಂದಳು.

"ಅಯ್ಯೋ ನಾ ತಲ್ಲಿ!" ನನ್ನ ತಾಯೀ ಎಂದು ತೆಲುಗಿನಲ್ಲಿ ಕೂಗಿ ಅಜ್ಜಿ ಬಾಗಿಲಲ್ಲೇ ಕುಸಿದಳು. ಎಷ್ಟು ದಿನದಿಂದ ಅಮ್ಮ ಮುಟ್ಟಿ ಮುಟ್ಟಿಯೇ ಬದುಕುತ್ತಿದ್ದಳೋ ನಮಗೆ ಗೊತ್ತೇ ಆಗಿರಲಿಲ್ಲ. ಹೆಜ್ಜೆ ಎಣಿಸಿಕೊಂಡು ಬಾವಿಗೆ ಹೋಗುತ್ತಿದ್ದಳಂತೆ, ಬಿಸಿ ನೋಡಿ ಒಲೆ ಗುರುತು ಹಿಡಿಯುತ್ತಿದ್ದಳಂತೆ. ಆ ಬೆಳೆ ಪೂರ್ತಿ ತಿಪ್ಪೆಗೆ ಹೋಯಿತು. ಆ ರೋಗದ ವಾಸನೆ ನನಗೆ ಎರಡು ದಿನ ಮುಂಚೆಯೇ ಬಂದಿತ್ತು, ಹೇಳಿರಲಿಲ್ಲ. ಹೂ ಎತ್ತಿದ ಆ ದಿನದ ಮೇಲೆ ನಾನು ನನ್ನ ಮೂಗಿನ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದೆ.

ಪುಷ್ಯದ ಚಳಿಯಲ್ಲಿ ಕಾರವಾರಕ್ಕೆ ಹೋದೆವು. ಇನ್ನು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಬೇಡ ಎಂದು ಅಮ್ಮನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಕಿಟಕಿಯ ಪಕ್ಕ ಕೂರಿಸಿದ್ದೆವು. ಟೀಚರ ಮನೆಯವರು ಒಳ್ಳೆಯವರು, ಕುಚ್ಚಲಕ್ಕಿ ಗಂಜಿ ಕೊಟ್ಟರು, ಅಮ್ಮನನ್ನು ನೋಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ಟೀಚರ್ ನನ್ನನ್ನು ಹಡಗು ನೋಡಲು ಕರೆದರು. ನಾನು ಹೋಗಲಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ ಎಲ್ಲರೂ ಮರಳಿಗೆ ಇಳಿದೆವು. ಅಜ್ಜಿ ನೀರಿಗೆ ಅರಿಶಿನ ಕುಂಕುಮ ಹಾಕಲು ಹೋದಳು, ಅಪ್ಪ ಅವಳ ಕೈ ಹಿಡಿದು ಹೋದ. ಅಮ್ಮ, ನಾನು ಗಾಳಿಮರಗಳ ಈಚೆ ಕೂತೆವು. ಅಮ್ಮ ಮುಖವನ್ನು ಸದ್ದಿನ ಕಡೆಗೆ ಹಿಡಿದಿದ್ದಳು, ಕಣ್ಣು ತೆರೆದೇ ಇತ್ತು.

"ಆಚೆ ದಡ ಕಾಣ್ತೈತೇನಮ್ಮ?" ಎಂದು ಕೇಳಿದಳು.

ನಾನು ನೋಡಿದೆ. ನಾನು ಆರಿಸಿದ ಊರಿನ ಸಮುದ್ರದಲ್ಲಿ ಬಲಗಡೆ ಬೆಟ್ಟದ ಸಾಲು ಇತ್ತು, ಎದುರಿಗೆ ನೀರಿನ ಮಧ್ಯೆ ಎರಡು ಗುಡ್ಡಗಳಿದ್ದವು, ಗುಡ್ಡದ ಮೇಲೆ ಮರಗಳಿದ್ದವು. ನಮ್ಮ ಕೆರೆಯ ಏರಿ ಕಂಡ ಹಾಗೆಯೇ ಕಾಣುತ್ತಿತ್ತು.

"ಇಲ್ಲಮ್ಮ," ಅಂದೆ. "ಆಚೆ ದಡಾನೇ ಇಲ್ಲ. ಬರೀ ನೀರು."

ಅಮ್ಮ ತಲೆಯಾಡಿಸಿದಳು. ಅಷ್ಟರಲ್ಲಿ ಅಜ್ಜಿ ಒದ್ದೆ ಸೀರೆ ಹಿಂಡುತ್ತ ಬಂದು, "ಏನೇ ಇದು, ಸಮುದ್ರ ಅಂತಾರೆ, ಅಲ್ಲೇ ಗುಡ್ಡ ಕಾಣ್ತಾ ಐತಲ್ಲ, ನಂದಿ ಬೆಟ್ಟದಂಗೆ" ಎಂದು ದೊಡ್ಡ ದನಿಯಲ್ಲಿ ಹೇಳಿ, ಬಟ್ಟೆ ಬದಲಿಸಲು ಮರಗಳ ಆಚೆ ಹೋದಳು.

"ಇನ್ನೂ ಸುಳ್ಳು ಹೇಳ್ತೀಯಲ್ಲೇ," ಅಂದಳು ಅಮ್ಮ.

ನಾನು ಮರಳು ಕೆದಕುತ್ತಿದ್ದೆ.

"ಅವತ್ತು ಎಲ್ರೂ ಕಣ್ಣು ಮುಚ್ಕೊಂಡಿದ್ರು, ನಾನು ಮುಚ್ಚಿರ್ಲಿಲ್ಲ. ಸ್ಯಾವಂತಿಗೆ ಪೊಟ್ಟಣ ನಿನ್ ಕೈಲಿತ್ತು. ಮೂಸ್ದೆ. ತಿರ್ಗಾ ಮೊರದಾಗಿಟ್ಟೆ. ಅಷ್ಟು ಕಾಣ್ತಿತ್ತು ಆವಾಗ ನಂಗೆ."

"ಮತ್ಯಾಕಮ್ಮ ಹೇಳ್ಲಿಲ್ಲ?" ಎಂದು ಕೇಳಿದೆ, ತಪ್ಪು ಅವಳದೇ ಎನ್ನುವ ಹಾಗೆ.

"ಏನಂತ ಹೇಳ್ಲಿ? ದಾರ ಬ್ಯಾಡ ಅಂದಿದ್ದು ಯಾಕೆ ಅನ್ಕೊಂಡೆ? ದಾರದ ಬಣ್ಣ ನಂಗೆ ಚೆನ್ನಾಗೇ ಕಾಣ್ತಿತ್ತು. ನಿನ್ ಮೂಗು ನಂಬ್ಕೊಂಡು ಕಟ್ಟಿದ್ದೆ ಕಣೇ ಆ ಪೊಟ್ಟಣ. ಒಲೆ ಮುಂದೆ ನಿಂಗೊಬ್ಳಿಗೇ ಹೇಳಿದ್ನಲ್ಲ, ಮದ್ರಾಸ್ ಅಂತ. ನನ್ ಮಗ್ಳು ಅದನ್ನೇ ಎತ್ತುತ್ತಾಳೆ ಅನ್ಕೊಂಡಿದ್ದೆ."

ಅವಳು ಎದ್ದು ನಿಂತು ಕೈ ಚಾಚಿದಳು. ನಾನು ಹಿಡಿಯಲು ಹೋದೆ. ಆದರೆ ಅವಳು ಚಾಚಿದ್ದು ನನ್ನ ಕಡೆಗಲ್ಲ. "ನಿಮ್ಮಪ್ಪನ್ನ ಕರಿ," ಅಂದಳು, "ನೀರಿನ ತಾವ ಕರ್ಕೊಂಡೋಗ್ಲಿ."